ನಾಲ್ಕನೇ ಪುಟದ ಸೊನ್ನೆ

ಯುದ್ಧ ಶುರುವಾದ ಇನ್ನೂರ ಹದಿನಾಲ್ಕನೇ ದಿನ ಆ ಊರಿನ ಸಂಜೆ ಪತ್ರಿಕೆಯ ನಾಲ್ಕನೇ ಪುಟದಲ್ಲಿ ಯಾರೂ ಸಾಯಲಿಲ್ಲ.

ಅದಕ್ಕೆ ಕಾರಣ ಒಂದು ಸೈರನ್ನು, ಮತ್ತು ಒಂದು ಒಳ್ಳೆಯ ಅಭ್ಯಾಸ.

ಪತ್ರಿಕೆಯ ಪುಟ ಕಟ್ಟುವ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ಪೇಜಮ್ಮ ಎನ್ನುತ್ತಿದ್ದರು. ಹದಿನೇಳು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಕಿಟಕಿಯಾಚೆ ನದಿ, ನದಿಯ ಮೇಲೆ ಸೇತುವೆ, ಸೇತುವೆಯ ಆ ತುದಿಗೆ ಇನ್ನೊಂದು ದೇಶ. ಯುದ್ಧಕ್ಕೆ ಮುಂಚೆ ನಾಲ್ಕನೇ ಪುಟದ ಬಲಮೂಲೆಯ ಬಾಕ್ಸಿನಲ್ಲಿ ಆ ಕಡೆಯ ಬಸ್ಸಿನ ವೇಳೆ, ತರಕಾರಿ ಬೆಲೆ, ಸಿನಿಮಾ ಹೆಸರು ಬರುತ್ತಿದ್ದವು. ದಿನಾ ಹನ್ನೊಂದು ಗಂಟೆಗೆ ಅಲ್ಲಿಯ ಸಂಜೆ ಪತ್ರಿಕೆಯಲ್ಲಿ ಪುಟ ಕಟ್ಟುವವಳು ಫೋನ್ ಮಾಡಿ ಓದುತ್ತಿದ್ದಳು, ಇವಳು ಬರೆದುಕೊಳ್ಳುತ್ತಿದ್ದಳು. ಆಮೇಲೆ ಇವಳು ಓದುವ ಸರದಿ. ಇಬ್ಬರ ಭಾಷೆಯೂ ಒಂದೇ, ಅವಳದು ಕೊಂಚ ಎಳೆದು ಆಡುವ ಮಾತು. ಮುಖ ನೋಡಿಕೊಂಡವರಲ್ಲ. ಆದರೂ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಗೊತ್ತಿತ್ತು. ಯುದ್ಧ ಶುರುವಾದ ಮೇಲೆ ಆ ಫೋನು ಮೇಜಿನ ಮೂಲೆಯಲ್ಲಿ ಧೂಳು ಹೊದ್ದು ಕೂತಿತ್ತು. ಅದರ ತಂತಿಯನ್ನು ಕತ್ತರಿಸಬೇಕೆಂಬುದು ಮಾತ್ರ ಎರಡೂ ದೇಶದ ಯಾವ ದೊಡ್ಡವರಿಗೂ ಹೊಳೆದಿರಲಿಲ್ಲ.

ಈಗ ಆ ಬಾಕ್ಸಿನ ತಲೆಬರಹ ‘ಯುದ್ಧ: ಇಂದಿನ ಬೆಳವಣಿಗೆ’. ಬೆಳೆಯುತ್ತಿರುವುದು ಏನು ಎಂದು ಯಾರೂ ಕೇಳಲಿಲ್ಲ. ಒಳಗೆ ಐದು ಸಾಲು: ಎಷ್ಟನೇ ದಿನ, ನಮ್ಮ ಕಡೆ ಸತ್ತವರು, ಆ ಕಡೆ ಸತ್ತವರು, ಗಾಯಗೊಂಡವರು, ಸೇತುವೆ ತೆರೆದಿದೆಯೋ ಮುಚ್ಚಿದೆಯೋ. ಮಧ್ಯಾಹ್ನ ಹನ್ನೆರಡೂವರೆಗೆ ಸರ್ಕಾರಿ ಸುದ್ದಿ ಕಚೇರಿಯಿಂದ ಫ್ಯಾಕ್ಸಿನಲ್ಲಿ ಪ್ರಕಟಣೆ ಬರುತ್ತಿತ್ತು. ಅದನ್ನು ಕಳಿಸುವ ಅಧಿಕಾರಿಗೆ ಊರು ಇಟ್ಟ ಹೆಸರು ಇಸ್ತ್ರಿ ಸಾಹೇಬ. ನಲ್ಲಿಯಲ್ಲಿ ನೀರು ಬರದ ದಿನವೂ, ಕರೆಂಟು ಇಲ್ಲದ ವಾರವೂ, ಅವನ ಅಂಗಿಯ ಗೆರೆ ಮುರಿದದ್ದನ್ನು ಕಂಡವರಿರಲಿಲ್ಲ.

ಯುದ್ಧದ ತೊಂಬತ್ತನೇ ದಿನ ಪೇಜಮ್ಮ ಅಂಕಿ ಬದಲಿಸಲು ಮರೆತು, ಹಿಂದಿನ ದಿನದ ಹದಿನೈದು ಸಾವು ಹಾಗೇ ಮತ್ತೆ ಅಚ್ಚಾಗಿತ್ತು. ಆಗ ಪ್ರೂಫ್ ನೋಡುವ ಮುದುಕ, ಕನ್ನಡಕ ಮಾಮ, ಅವಳಿಗೊಂದು ದಾರಿ ಹೇಳಿಕೊಟ್ಟಿದ್ದ.

“ಬೆಳಿಗ್ಗೆ ಬಂದ ತಕ್ಷಣ ನಿನ್ನೆ ಅಂಕಿ ಎಲ್ಲಾ ಅಳಿಸಿ ಸೊನ್ನೆ ಹಾಕ್ಕೊಂಡು ಕೂತ್ಕೋ ತಾಯಿ. ಸೊನ್ನೆ ಕಂಡ್ರೆ ಇನ್ನೂ ತುಂಬಿಲ್ಲ ಅಂತ ಕಣ್ಣಿಗೆ ಹೊಡೆಯುತ್ತೆ. ನಿನ್ನೆ ಸತ್ತೋರನ್ನ ಇವತ್ತು ಇನ್ನೊಂದು ಸಲ ಸಾಯಿಸಬೇಡ.”

ಅಂದಿನಿಂದ ಅವಳ ದಿನ ಶುರುವಾಗುತ್ತಿದ್ದದ್ದೇ ಹಾಗೆ. ಬೆಳಿಗ್ಗೆ ಒಂಬತ್ತಕ್ಕೆ ಅವಳ ಕಂಪ್ಯೂಟರ್ ಪರದೆಯ ಮೇಲೆ ಎರಡೂ ದೇಶಗಳಲ್ಲಿ ಎಲ್ಲರೂ ಬದುಕಿರುತ್ತಿದ್ದರು. ಹನ್ನೆರಡೂವರೆಗೆ ಇಸ್ತ್ರಿ ಸಾಹೇಬ ಬಂದು ಕೊಲ್ಲುತ್ತಿದ್ದ.

ಇನ್ನೂರ ಹದಿನಾಲ್ಕನೇ ದಿನ ಹನ್ನೆರಡೂವರೆಗೆ ಸರಿಯಾಗಿ ಸೈರನ್ ಕೂಗಿತು. ಎಲ್ಲರೂ ಕೆಳಗಿನ ಗೋದಾಮಿಗೆ ಓಡಿ ಕಾಗದದ ಉರುಳೆಗಳ ನಡುವೆ ಕೂತರು. ಹತ್ತು ನಿಮಿಷ ನೆಲ ಅದುರಿತು, ಆಮೇಲೆ ಸುಮ್ಮನಾಯಿತು. ಮೇಲೆ ಬರುವಾಗ ಒಂದಕ್ಕೆ ಎಂಟು ನಿಮಿಷ ಇತ್ತು. ಅಷ್ಟರಲ್ಲಿ ಬಂದ ಫ್ಯಾಕ್ಸು ಮೇಜಿನ ಹಿಂದೆ ಜಾರಿ ಬಿದ್ದಿತ್ತು. ಅಚ್ಚುಮನೆಯಿಂದ ಮೆಷಿನ್ ಅಣ್ಣ ಕೂಗುತ್ತಿದ್ದ, “ಪೇಜಮ್ಮಾ, ಪುಟ ಬಿಡ್ತೀಯೋ, ಇಲ್ಲಾ ನಾನು ಮನೆಗೆ ಹೋಗಿ ಮಲಗ್ಲೋ?” ಬಾಕ್ಸು ಸೈರನ್ನಿಗೆ ಮುಂಚೆಯೇ ತುಂಬಿದ್ದೇನೆ ಎಂದುಕೊಂಡು ಅವಳು ಪುಟ ಬಿಟ್ಟಳು. ಕನ್ನಡಕ ಮಾಮ ಬಾಕ್ಸಿನ ಗೆರೆ ನೇರವಿದೆಯೇ ನೋಡಿದ, ಕಾಗುಣಿತ ನೋಡಿದ, ಟಿಕ್ ಹಾಕಿದ. ಸೊನ್ನೆಯಲ್ಲಿ ಕಾಗುಣಿತದ ತಪ್ಪು ಇರುವುದಿಲ್ಲ.

ಮೂರು ಗಂಟೆಗೆ ಪತ್ರಿಕೆ ಬೀದಿಗೆ ಬಿತ್ತು. ಮೂರೂಕಾಲಿಗೆ ಮೊದಲ ಫೋನು: “ನಿಂತುಹೋಯ್ತಾ?” ಆಮೇಲೆ ಫೋನಿಗೆ ಬಿಡುವೇ ಇಲ್ಲ. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡದ ಗಿರಾಕಿ ಸೋಪಿನ ಮುಖ ಹೊತ್ತು ಹೊರಗೆ ಬಂದು ಪತ್ರಿಕೆ ಎತ್ತಿ ತೋರಿಸಿದ. ಆಸ್ಪತ್ರೆಯಿಂದ ದಾದಿಯೊಬ್ಬಳು ಫೋನ್ ಮಾಡಿ ಏನೂ ಕೇಳದೆ ಅತ್ತು ಇಟ್ಟಳು. ಎದುರು ಮನೆಯವರು ಏಳು ತಿಂಗಳಲ್ಲಿ ಮೊದಲ ಬಾರಿಗೆ ಬಟ್ಟೆಯನ್ನು ಒಳಗಿನ ಹಗ್ಗದಿಂದ ಬಿಚ್ಚಿ ಮಹಡಿಯ ಮೇಲೆ ಒಣಹಾಕಿದರು.

ನಾಲ್ಕಕ್ಕೆ ಸಂಪಾದಕರು ಫ್ಯಾಕ್ಸನ್ನು ಮೇಜಿನ ಹಿಂದಿನಿಂದ ಎಳೆದು ತೆಗೆದರು. ಸಣ್ಣ ದೇಹ, ದೊಡ್ಡ ಭಯ. ಪತ್ರಿಕೆ ಉಸಿರಾಡುತ್ತಿದ್ದದ್ದೇ ಸರ್ಕಾರಿ ಜಾಹೀರಾತಿನಿಂದ.

“ಮುಳುಗಿಸಿಬಿಟ್ಯಲ್ಲಮ್ಮ,” ಎಂದರು. “ನಮ್ಮೋರು ಮೂರು ಜನ, ಅವರು ನೂರ ನಲವತ್ತು. ಇಸ್ತ್ರಿ ಸಾಹೇಬ ಆಗ್ಲೇ ಕೂಗಾಡಿದ. ನಾಳೆ ಅದೇ ಬಾಕ್ಸಲ್ಲಿ ತಿದ್ದುಪಡಿ ಬರಬೇಕಂತೆ, ನಿನ್ನ ಸಹಿ ಸಮೇತ. ‘ಶತ್ರುವಿಗೆ ಅನುಕೂಲವಾಗುವಂಥ ಅಪರಾಧ ಎಸಗಿದ್ದೇನೆ’ ಅಂತ ನೀನೇ ಬರೀಬೇಕು. ಇಲ್ದಿದ್ರೆ ನಿನ್ನ ಮೇಲೆ ಕೇಸು, ನಮ್ಮ ಬಾಗಿಲಿಗೆ ಬೀಗ.”

ಯಾರೂ ಸಾಯಲಿಲ್ಲ ಎಂದರೆ ಶತ್ರುವಿಗೆ ಅನುಕೂಲ! ಅದು ಹೇಗೆ ಎಂದು ಕೇಳಬೇಕೆನಿಸಿತು ಪೇಜಮ್ಮನಿಗೆ. ಆದರೆ ಅವಳ ಸಂಬಳದಲ್ಲಿ ನಾಲ್ಕು ಹೊಟ್ಟೆ ತುಂಬಬೇಕಿತ್ತು. ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ತಿದ್ದುಪಡಿಯನ್ನು ಟೈಪ್ ಹೊಡೆದು ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತಂತಾಯಿತು. ನಾಲ್ಕು ಅಂಗಡಿ ಆಚೆ ಹೊಲಿಗೆ ಹೊಲಿಯುವ ಟೈಲರಮ್ಮ. ಅಳತೆಯ ಟೇಪು ಇನ್ನೂ ಕೊರಳಲ್ಲಿತ್ತು. ನಿನ್ನೆ ಸಂಜೆಯಿಂದ ಅದನ್ನು ತೆಗೆಯಲು ನೆನಪಾಗಿರಲಿಲ್ಲ.

“ಆ ಸೊನ್ನೆ ಹಾಕಿದೋಳು ನೀನೇನಾ?”

“ಹೌದಮ್ಮ. ತಪ್ಪಾಯ್ತು.”

“ತಪ್ಪು ಒಪ್ಪು ಆಮೇಲೆ. ಕೇಳು.” ಟೈಲರಮ್ಮ ಸಂಪಾದಕರ ಕುರ್ಚಿ ಎಳೆದು ಕೂತಳು. “ಮೂರು ಗಂಟೆಗೆ ಪೇಪರ್ ಬಂತು. ಸೊನ್ನೆ ಅಂತ ನೋಡಿದೆ. ಏಳು ತಿಂಗಳಾದ ಮೇಲೆ ಹೊಲಿಗೆ ಮಧ್ಯ ಹಾಡು ಹೇಳ್ಕೊಂಡೆ ಕಣೆ. ನನ್ನ ದನಿ ನನಗೇ ಗುರುತು ಸಿಗ್ಲಿಲ್ಲ. ಏಳು ಗಂಟೆಗೆ ಮಿಲಿಟರಿಯೋರು ಬಾಗಿಲು ಬಡಿದ್ರು. ಇಬ್ಬರು. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ರು. ಟೋಪಿ ಕೈಯಲ್ಲಿದ್ರೆ ಇನ್ನೇನು ಕೇಳೋದು? ಬೆಳಿಗ್ಗೆ ಹತ್ತಕ್ಕೇ ಹೋಗಿದ್ನಂತೆ ನನ್ನ ಮಗ. ನಾನು ಹಾಡು ಹೇಳ್ಕೊಳ್ಳೋವಾಗ ಅವನು ಇರಲೇ ಇಲ್ಲ.” ಉಸಿರು ತೆಗೆದುಕೊಂಡಳು. “ನಾಲ್ಕು ಗಂಟೆ ಹೊತ್ತು ಕೊಟ್ಯಲ್ಲ ನೀನು, ಅದಕ್ಕೆ ಕೈ ಮುಗೀಲಾ, ಕೆನ್ನೆಗೆ ಬಾರಿಸ್ಲಾ? ರಾತ್ರಿಯೆಲ್ಲಾ ಯೋಚಿಸಿದೆ, ಬಗೆಹರೀಲಿಲ್ಲ. ನಿನ್ನನ್ನೇ ಕೇಳಣ ಅಂತ ಬಂದೆ.”

“ಬಾರಿಸಿ ಅಮ್ಮ,” ಎಂದಳು ಪೇಜಮ್ಮ.

ಟೈಲರಮ್ಮ ಬಾರಿಸಲಿಲ್ಲ. ಪರದೆಯ ಕಡೆ ಬಗ್ಗಿ ನೋಡಿದಳು.

“ಇಲ್ಲಿ ಮೂರು ಅಂತ ಬರೆದಿದೀಯಲ್ಲ. ಈ ಮೂರರಲ್ಲಿ ನನ್ನ ಮಗ ಇದಾನಾ?”

“ಗೊತ್ತಿಲ್ಲಮ್ಮ. ಅವರು ಹೆಸರು ಕೊಡಲ್ಲ, ಅಂಕಿ ಮಾತ್ರ.”

“ನಮ್ಮ ಬೀದಿಲೇ ಎರಡು ಮನೆ ಬಾಗಿಲು ಬಡಿದ್ರು. ಹಿಂದಿನ ಬೀದಿಲಿ ಬೇಕರಿಯವರ ಅಳಿಯ. ಬಸ್ ಡಿಪೋ ಪಕ್ಕ ಅಣ್ಣ ತಮ್ಮ ಇಬ್ಬರೂ. ನಿನ್ನ ಮೂರು ನಮ್ಮ ಓಣಿ ದಾಟೋ ಮುಂಚೆನೇ ಮುಗಿದೋಯ್ತಲ್ಲೇ!”

ಪೇಜಮ್ಮ ಪರದೆಯ ಮೇಲಿನ ಮೂರನ್ನು ನೋಡಿದಳು. ಇನ್ನೂರ ಹದಿನಾಲ್ಕು ದಿನ ಆ ಬಾಕ್ಸಿನಲ್ಲಿ ಏನು ತುಂಬಿದ್ದೆ ತಾನು? ಮಂತ್ರಿಗಳು ನಕಾಶೆಯ ಮೇಲೆ ಬೆರಳಿಟ್ಟು ಇಷ್ಟು ಮುನ್ನಡೆ ಎನ್ನುತ್ತಾರೆ. ಆ ಬೆರಳಿನ ಕೆಳಗೆ ಯಾರು ಸಿಕ್ಕಿಕೊಂಡರೆಂದು ಬೆರಳೆತ್ತಿ ನೋಡುವುದಿಲ್ಲ. ಅವರು ಕಳಿಸಿದ ಅಂಕಿಯನ್ನು ತಾನು ನೀಟಾಗಿ, ಗೆರೆ ಕೂಡಿಸಿ, ಬಾಕ್ಸಿನಲ್ಲಿ ಇಟ್ಟು ಕೊಟ್ಟಿದ್ದೆ. ನಿನ್ನೆಯ ಸೊನ್ನೆಯೊಂದೇ ಸುಳ್ಳು ಎಂದುಕೊಂಡಿದ್ದಳು. ಮಿಕ್ಕ ಇನ್ನೂರ ಹದಿಮೂರು ದಿನದ್ದು?

ಟೈಲರಮ್ಮ ಕೊರಳಿನ ಟೇಪು ಎಳೆದು ತೆಗೆದು, ನಿನ್ನೆಯ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಬಾಕ್ಸಿನ ಅಳತೆ ತೆಗೆದಳು.

“ಮೂರಿಂಚು ಅಗಲ, ನಾಲ್ಕೂವರೆ ಉದ್ದ. ಅಕ್ಷರ ಸಣ್ಣದು ಮಾಡಿದ್ರೆ ಇಪ್ಪತ್ತು ಹೆಸರು ಕೂರುತ್ತೆ. ಬಟ್ಟೆ ಸಾಲಲ್ಲ ಅನ್ನೋ ಸಬೂಬು ನನ್ನ ಹತ್ರ ಹೇಳಬೇಡ. ಮೂವತ್ತು ವರ್ಷದಿಂದ ನಾನೇ ಹೇಳ್ಕೊಂಡು ಬಂದಿರೋದು ಅದು.”

ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ ಕನ್ನಡಕ ಮಾಮ ಒಂದು ಹಾಳೆ, ಪೆನ್ಸಿಲು ತಂದು ಟೈಲರಮ್ಮನ ಮುಂದಿಟ್ಟ. “ಕಾಗುಣಿತ ತಪ್ಪಬಾರದು. ನಿಧಾನವಾಗಿ ಬರೀರಿ ತಾಯಿ.”

ಹನ್ನೆರಡು ಗಂಟೆಯೊಳಗೆ ಸುದ್ದಿ ಬೀದಿ ದಾಟಿತ್ತು. ಬೇಕರಿಯವರ ಮಗಳು ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ಗಂಡನ ಹೆಸರು ಹೇಳಿದಳು. ಡಿಪೋದ ಮೆಕ್ಯಾನಿಕ್ ಬಂದು ಎರಡು ಹೆಸರು ಹೇಳಿ, ಎರಡನೆಯದರ ಮಧ್ಯದಲ್ಲಿ ಗೋಡೆ ಹಿಡಿದುಕೊಂಡ. ಕನ್ನಡಕ ಮಾಮ ಒಬ್ಬೊಬ್ಬರಿಗೂ ಹಾಳೆ ತೋರಿಸಿ ಸರಿ ಇದೆಯೇ ಎಂದು ಕೇಳಿದ. ಹನ್ನೆರಡೂವರೆಗೆ ಹಾಳೆಯ ಮೇಲೆ ಹನ್ನೊಂದು ಹೆಸರಿದ್ದವು.

ಸಂಪಾದಕರು ಎಲ್ಲವನ್ನೂ ನೋಡುತ್ತ ಬಾಗಿಲಿಗೂ ಮೇಜಿಗೂ ನಡುವೆ ಓಡಾಡುತ್ತಿದ್ದರು. ಕೂರಲು ಅವರ ಕುರ್ಚಿಯೂ ಇರಲಿಲ್ಲ.

“ಪೇಜಮ್ಮ, ಇದನ್ನ ಹಾಕೋಕೆ ನಾನು ಒಪ್ಪಲ್ಲ. ಒಪ್ಪೋಕಾಗಲ್ಲ,” ಎಂದರು. ಟೈಲರಮ್ಮ ಅವರ ಮುಖವನ್ನೇ ನೋಡಿದಳು. ಅವರು ಚಪ್ಪಲಿ ಮೆಟ್ಟಿಕೊಂಡರು. “ಆದ್ರೆ ನಾನೀಗ ಚಹಾ ಕುಡಿಯೋಕೆ ಹೋಗ್ತಿದೀನಿ. ವಾಪಸ್ ಬರೋದು ಒಂದೂಕಾಲು ಆಗುತ್ತೆ. ಪುಟ ಒಂದಕ್ಕೆ ಬಿಡಬೇಕು ಅನ್ನೋದು ನೆನಪಿರಲಿ.” ಮೆಟ್ಟಿಲು ಇಳಿದು, ಮತ್ತೆ ನಾಲ್ಕು ಮೆಟ್ಟಿಲು ಹತ್ತಿ ಬಂದು, “ಒಂದೂವರೆನೇ ಆಗಬಹುದು,” ಎಂದು ಹೋದರು. ಅಂಜುಬುರುಕರಲ್ಲೂ ಒಂದು ಬಗೆಯ ಧೈರ್ಯ ಇರುತ್ತದೆ. ಅದು ಚಹಾದಂಗಡಿಯವರೆಗೆ ನಡೆಯುತ್ತದೆ, ಅಷ್ಟೇ. ಆ ದಿನಕ್ಕೆ ಅಷ್ಟು ಸಾಕಾಯಿತು.

ಪೇಜಮ್ಮ ತಿದ್ದುಪಡಿಯನ್ನು ಅಳಿಸಿದಳು. ನಾಲ್ಕು ಹೊಟ್ಟೆಗಳೂ ನೆನಪಾದವು. ಹೊಸದಾಗಿ ಹೊಡೆದಳು:

‘ನಿನ್ನೆ ಇಲ್ಲಿ ಸೊನ್ನೆ ಎಂದು ಅಚ್ಚಾಗಿತ್ತು. ಅದು ತಪ್ಪು, ತಪ್ಪು ನನ್ನದು. ಸತ್ತವರು ಮೂವರು ಎನ್ನುತ್ತದೆ ಸರ್ಕಾರ. ನಮಗೆ ಸಿಕ್ಕ ಹೆಸರುಗಳು ಹನ್ನೊಂದು. ಅವು ಇವು.’

ಕೆಳಗೆ ಹನ್ನೊಂದು ಹೆಸರು, ವಯಸ್ಸು, ಮಾಡುತ್ತಿದ್ದ ಕೆಲಸ. ಅದರ ಕೆಳಗೆ ಅವಳ ಸಹಿ. ಅಚ್ಚುಮನೆಯಲ್ಲಿ ಮೆಷಿನ್ ಅಣ್ಣ ಪುಟ ನೋಡಿ, “ಜೈಲಲ್ಲಿ ನನಗೆ ಕಿಟಕಿ ಪಕ್ಕದ ಜಾಗ ಬೇಕು, ಈಗಲೇ ಹೇಳಿಟ್ಟಿರ್ತೀನಿ,” ಎಂದು ಗುಂಡಿ ಒತ್ತಿದ.

ಮರುದಿನ ಹತ್ತೂವರೆಗೆ ಇಸ್ತ್ರಿ ಸಾಹೇಬ ಇಬ್ಬರು ಪೊಲೀಸರೊಂದಿಗೆ ಬಂದ. ಕೈಯಲ್ಲಿ ಹೇಳಿಕೆ ಬರೆದುಕೊಳ್ಳುವ ನಮೂನೆ.

“ಈ ಹೆಸರುಗಳನ್ನ ನಿಮಗೆ ಕೊಟ್ಟಿದ್ದು ಯಾರು?”

ಪೇಜಮ್ಮ ಬಾಯಿ ತೆರೆಯುವ ಮುಂಚೆ ಹೊರಗಿನ ಕೋಣೆಯಿಂದ ಟೈಲರಮ್ಮನ ದನಿ ಬಂತು. “ನಾನು. ಬರ್ಕೊಳಪ್ಪ.” ಅವಳ ಹಿಂದೆ ಮೆಟ್ಟಿಲಿಡೀ ಹೆಂಗಸರು, ಮುದುಕರು. ನಲವತ್ತು ಜನ ಇದ್ದರು. ಮೊನ್ನೆಯವರಷ್ಟೇ ಅಲ್ಲ, ಏಳು ತಿಂಗಳಲ್ಲಿ ಯಾವ ಅಂಕಿಯೊಳಗೂ ಸೇರದೆ ಹೋದವರ ಮನೆಯವರು.

ಇಸ್ತ್ರಿ ಸಾಹೇಬ ಹೊರಗೆ ಹೋಗಿ ಕೂತು ಬರೆಯತೊಡಗಿದ. ನಮೂನೆಯಲ್ಲಿ ಮಾಹಿತಿ ಕೊಟ್ಟವರಿಗೆ ಇದ್ದದ್ದು ಒಂದೇ ಗೆರೆ. ‘ನಿಮ್ಮ ಹೆಸರು’ ಎಂದರೆ ಮಗನ ಹೆಸರು ಹೇಳುತ್ತಿದ್ದರು. ಒಂಬತ್ತನೆಯವಳ ಹೊತ್ತಿಗೆ ಅವನ ಹಣೆಯಲ್ಲಿ ಬೆವರು, ಅಂಗಿಯ ಬೆನ್ನಲ್ಲಿ ಸುಕ್ಕು. ಪೊಲೀಸರಲ್ಲಿ ಒಬ್ಬ ಟೋಪಿ ತೆಗೆದು, “ಸಾರ್, ನಮ್ಮಣ್ಣನ ಮಗನ ಹೆಸರೂ ಒಂದಿದೆ, ಬರ್ಕೋತೀರಾ?” ಎಂದ.

ಒಳಗೆ ಪೇಜಮ್ಮ ಕೇಸಿಗೆ ಯಾರ ಹತ್ತಿರ ಹೋಗುವುದು ಎಂದು ಯೋಚಿಸುತ್ತ ಕೂತಿದ್ದಳು. ಗಡಿಯಾರದಲ್ಲಿ ಹನ್ನೊಂದಾಯಿತು. ಮೇಜಿನ ಮೂಲೆಯ ಹಳೇ ಫೋನು ಬಡಿದುಕೊಂಡಿತು. ಎತ್ತಿದಳು. ಒಂದು ಕೆಮ್ಮು. ಆ ಕೆಮ್ಮು ಅವಳಿಗೆ ಗೊತ್ತಿತ್ತು.

“ಬದುಕಿದೀಯೇನೆ?” ಎಳೆದು ಆಡುವ ಅದೇ ಮಾತು.

“ಇದೀನಿ ಕಣೆ. ನೀನು?”

“ನಿಮ್ಮ ಪೇಪರಿನ ಫೋಟೋ ಇಲ್ಲಿ ಎಲ್ಲರ ಮೊಬೈಲಲ್ಲೂ ಓಡಾಡ್ತಿದೆ. ಮೊದಲು ಸೊನ್ನೆ ನೋಡಿ ನಮ್ಮೋರೂ ಕುಣಿದ್ರು. ಆಮೇಲೆ ಆ ಹೆಸರುಗಳು.” ಮತ್ತೆ ಕೆಮ್ಮಿದಳು. “ನಮ್ಮ ಕಡೆ ನೂರ ನಲವತ್ತು ಜನ ಸತ್ರು ಅಂತ ನಿಮ್ಮ ರೇಡಿಯೋದಲ್ಲಿ ಬಂತಂತೆ. ನಮ್ಮೂರಲ್ಲಿ ಈಗ ಅಷ್ಟು ಗಂಡಸರೇ ಇಲ್ಲ ಕಣೆ, ಸಾಯೋಕಾದ್ರೂ ಎಲ್ಲಿಂದ ತರೋದು? ನಮ್ಮೋರು ಒಂಬತ್ತು ಜನ. ಹೆಸರು ಓದ್ಲಾ? ಬರ್ಕೋತೀಯಾ?”

ಪೇಜಮ್ಮ ಪೆನ್ಸಿಲು ಎತ್ತಿಕೊಂಡಳು. ಹಿಂದೆ ಬದನೆಕಾಯಿ, ಈರುಳ್ಳಿ ಬರೆದುಕೊಳ್ಳುತ್ತಿದ್ದ ಅದೇ ಪುಸ್ತಕ. ಒಂಬತ್ತು ಹೆಸರು ಬರೆದಳು.

“ಇನ್ನೊಂದು ವಿಷಯ,” ಎಂದಳು ಆ ಕಡೆಯವಳು. “ನಿನ್ನ ಹನ್ನೊಂದರಲ್ಲಿ ಏಳನೇ ಹೆಸರು, ಇಪ್ಪತ್ತಾರು ವರ್ಷ, ಬೇಕರಿ ಕೆಲಸ ಅಂತ ಹಾಕಿದೀಯಲ್ಲ? ಇಲ್ಲಿ ಆಸ್ಪತ್ರೆಲಿ ಒಬ್ಬ ಸೆರೆಯಾಳು ಇದಾನೆ. ಕಾಲಿಗೆ ಗುಂಡು ಬಿದ್ದಿದೆ. ಹೆಸರು, ವಯಸ್ಸು ಅದೇ. ಎರಡು ದಿನದಿಂದ ದಾದಿಯರಿಗೆ ನಿಮ್ಮ ಬ್ರೆಡ್ಡು ಕಲ್ಲಿದ್ದ ಹಾಗಿದೆ, ನಾನು ಮಾಡಿಕೊಡ್ತೀನಿ ಅಂತಾನಂತೆ.”

ಪೇಜಮ್ಮ ಫೋನನ್ನು ಹಾಗೇ ಬಿಟ್ಟು ಹೊರಗೆ ಓಡಿದಳು. ನಲವತ್ತು ಮುಖಗಳು ತಿರುಗಿದವು.

“ಒಬ್ಬ ಬದುಕಿದಾನೆ,” ಎಂದಳು.

ಟೈಲರಮ್ಮ ಎದ್ದು ನಿಂತಳು. “ಯಾರು?” ಆಮೇಲೆ ಮೆಲ್ಲಗೆ, “ನನ್ನವನಲ್ಲ ತಾನೆ?”

“ಅಲ್ಲಮ್ಮ. ಬೇಕರಿಯವರ ಅಳಿಯ.”

ಟೈಲರಮ್ಮ ಮತ್ತೆ ಕೂತಳು. ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. “ಆಗ್ಲಿ,” ಎಂದಳು ಕೊನೆಗೆ. “ಯಾರೋ ಒಬ್ಬಳದ್ದಾದ್ರೂ ಉಳೀತಲ್ಲ.” ಗುಂಪಿನಲ್ಲಿದ್ದ ಬೇಕರಿಯವರ ಮಗಳು ಅವಳ ಮಡಿಲಿಗೆ ಮುಖವಿಟ್ಟು ಅಳುವಾಗ ಟೈಲರಮ್ಮ ಆ ಹುಡುಗಿಯ ತಲೆಗೂದಲಿನಿಂದ ಹಿಟ್ಟು ಬಿಡಿಸುತ್ತ ಕೂತಿದ್ದಳು.

ಇಸ್ತ್ರಿ ಸಾಹೇಬ ಪೆನ್ನಿಗೆ ಮುಚ್ಚಳ ಹಾಕಿದ. “ಕೇಸು ಇರುತ್ತೆ. ಆದ್ರೆ ಹೇಳಿಕೆ ಬರ್ಕೊಳೋದು ಇನ್ನೂ ಮೂವತ್ತು ಬಾಕಿ,” ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಟ. ಬಾಗಿಲಿಗೆ ಬೀಗ ಬೀಳಲಿಲ್ಲ, ಕೇಸು ಈಗಲೂ ಇದೆ. ಪೇಜಮ್ಮ ತಿಂಗಳಿಗೊಮ್ಮೆ ಹೋಗಿ ಸಹಿ ಹಾಕಿ ಬರುತ್ತಾಳೆ.

ಅಂದಿನಿಂದ ದಿನಾ ಹನ್ನೊಂದು ಗಂಟೆಗೆ ಫೋನು ಬಂತು. ಎರಡೂ ಪತ್ರಿಕೆಗಳ ನಾಲ್ಕನೇ ಪುಟದಲ್ಲಿ ಎರಡೂ ಕಡೆಯ ಹೆಸರುಗಳು, ಸತ್ತವರದು, ಸೆರೆಸಿಕ್ಕವರದು. ಅಂಕಿ ಹಿಡಿದುಕೊಂಡು ಯಾರೂ ಸರ್ಕಾರದ ಬಾಗಿಲು ಬಡಿಯಲಾಗದು. ಹೆಸರು ಹಿಡಿದುಕೊಂಡು ಬಡಿಯಬಹುದು. ಇಂಥ ಆಸ್ಪತ್ರೆಯ ಇಂಥ ವಾರ್ಡಿನಲ್ಲಿ ನನ್ನ ಗಂಡ ಇದ್ದಾನೆ, ತಂದುಕೊಡಿ ಎಂದು ಬೇಕರಿಯವರ ಮಗಳು ಶುರು ಮಾಡಿದಳು. ನಾಲ್ಕು ಗಂಟೆಯಾದರೆ ಸೇತುವೆಯ ಈ ತುದಿಯಲ್ಲಿ ಮುನ್ನೂರು ಜನ, ಆ ತುದಿಯಲ್ಲೂ ಅಷ್ಟೇ. ಘೋಷಣೆ ಕೂಗುತ್ತಿರಲಿಲ್ಲ. ಪತ್ರಿಕೆ ಹಿಡಿದು ಹೆಸರು ಓದುತ್ತಿದ್ದರು. ನದಿಯ ಮೇಲೆ ಎರಡೂ ದನಿ ಒಂದರ ಮೇಲೊಂದು ಬೀಳುತ್ತಿದ್ದವು. ಇದರಿಂದಲೇ ಎಲ್ಲ ಆಯಿತು ಎಂದು ಹೇಳಿದರೆ ಅದೂ ಒಂದು ಪ್ರಕಟಣೆಯಂತಾದೀತು. ಎರಡೂ ಸರ್ಕಾರಗಳ ಮದ್ದುಗುಂಡು ಬರಿದಾಗುತ್ತಿತ್ತು ಎನ್ನುವವರಿದ್ದಾರೆ. ಇದ್ದೀತು. ಆದರೆ ಸೆರೆಯಾಳುಗಳ ವಿನಿಮಯಕ್ಕೆ ಪಟ್ಟಿ ಬೇಕಾದಾಗ ಇಸ್ತ್ರಿ ಸಾಹೇಬ ಬಂದು ಕೇಳಿದ್ದು ಪೇಜಮ್ಮನ ತರಕಾರಿ ಪುಸ್ತಕವನ್ನೇ.

ಇನ್ನೂರ ಅರವತ್ತೊಂದನೇ ದಿನ ಮಧ್ಯಾಹ್ನದಿಂದ ಮೂರು ದಿನ ಗುಂಡು ನಿಲ್ಲಿಸುವುದೆಂದು ಒಪ್ಪಂದವಾಯಿತು. ಊರಲ್ಲಿ ಅದನ್ನು ನಂಬಿದವರು ಕಡಿಮೆ. ಇನ್ನೂರ ಅರವತ್ತೆರಡನೇ ದಿನ ಹನ್ನೊಂದು ಗಂಟೆಗೆ ಫೋನು.

“ಇವತ್ತು ನನ್ನ ಹತ್ರ ಓದೋಕೆ ಏನೂ ಇಲ್ಲ ಕಣೆ,” ಎಂದಳು ಆ ಕಡೆಯವಳು.

“ನನ್ನ ಹತ್ರಾನೂ ಇಲ್ಲ.”

ಇಬ್ಬರೂ ಫೋನು ಇಡಲಿಲ್ಲ. ಒಂದು ಕೆಮ್ಮು. “ಈರುಳ್ಳಿ ಬೆಲೆ ಹೇಳ್ಲಾ?”

ಒಂದು ಗಂಟೆಗೆ ಪುಟ ಅಚ್ಚುಮನೆಗೆ ಹೋಯಿತು. ಒಂದೂ ಐದಕ್ಕೆ ಮೆಷಿನ್ ನಿಂತಿತು. ಮೆಷಿನ್ ಅಣ್ಣ ಮಸಿ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದ.

“ಮತ್ತೆ ಸೊನ್ನೆ ಬಿಟ್ಟಿದೀಯಲ್ಲಮ್ಮ! ಈ ಸಲ ಸೈರನ್ನೂ ಆಗಿಲ್ಲ, ಏನು ನೆಪ ಹೇಳ್ತೀಯಾ?”

ಕನ್ನಡಕ ಮಾಮನೂ ಓಡಿ ಬಂದ. “ತುಂಬೋಕೆ ಮರೆತ್ಯಾ ತಾಯಿ? ನಾನೂ ಟಿಕ್ ಹಾಕಿಬಿಟ್ಟೆನಲ್ಲ!”

“ಮರೆತಿಲ್ಲ ಮಾಮ. ಸರಿಯಾಗೇ ಇದೆ.”

ಸಂಪಾದಕರು ನಂಬದೆ ಸುದ್ದಿ ಕಚೇರಿಗೆ ಫೋನ್ ಮಾಡಿದರು. ಆ ಕಡೆಯಿಂದ ಇಸ್ತ್ರಿ ಸಾಹೇಬ ಎರಡು ಸಲ ಸೊನ್ನೆ ಎಂದ. ಮೂರನೇ ಸಲ ಅಕ್ಷರ ಅಕ್ಷರ ಬಿಡಿಸಿ ಹೇಳಿದ. ಅಂದು ಪತ್ರಿಕೆ ಇಪ್ಪತ್ತು ನಿಮಿಷ ತಡವಾಗಿ ಬೀದಿಗೆ ಬಿತ್ತು.

ಪೇಜಮ್ಮ ಒಂದು ಪ್ರತಿ ಮಡಚಿಕೊಂಡು ಟೈಲರಮ್ಮನ ಅಂಗಡಿಗೆ ಹೋದಳು. ಟೈಲರಮ್ಮ ಸೊನ್ನೆ ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಮೂರೂವರೆ.

“ಏಳು ಗಂಟೆ ಆಗ್ಲಿ,” ಎಂದಳು. “ಆಮೇಲೆ ನಂಬ್ತೀನಿ.”

“ಆಗ್ಲಿ. ನಾನೂ ಕೂತಿರ್ತೀನಿ.”

ಪೇಜಮ್ಮ ಸ್ಟೂಲ್ ಎಳೆದುಕೊಂಡಳು. ಟೈಲರಮ್ಮ ಅವಳ ಕೈಗೆ ಗುಂಡಿ ಹಾಕಲು ನಾಲ್ಕು ಅಂಗಿ ಕೊಟ್ಟಳು, ಸುಮ್ಮನೆ ಕೂರಿಸಲಿಲ್ಲ. ಮೊದಲ ಗುಂಡಿ ಸೊಟ್ಟಗಾಯಿತು. “ಪುಟದ ಗೆರೆ ನೇರ ಮಾಡೋಳಿಗೆ ಇದು ಬರಲ್ವಾ?” ಎಂದು ಬೈದು ಬಿಚ್ಚಿಸಿದಳು. ಐದಾಯಿತು. ಆರಾಯಿತು. ಆರೂಮುಕ್ಕಾಲಿಗೆ ಹೊಲಿಗೆಯಂತ್ರ ನಿಂತಿತು. ಬೀದಿಯಲ್ಲಿ ಬೂಟಿನ ಸದ್ದಾದರೆ ಇಬ್ಬರ ಕೈಯೂ ನಿಲ್ಲುತ್ತಿತ್ತು. ಬೂಟು ಮುಂದೆ ಹೋಗುತ್ತಿತ್ತು. ಅಂಚೆಯವನು, ಹಾಲಿನವನು, ಕೋಲೂರಿಕೊಂಡು ಹೆಂಡತಿಯ ಹೆಗಲು ಹಿಡಿದು ನಡೆಯುವ ಬೇಕರಿಯ ಅಳಿಯ.

ಏಳಾಯಿತು. ಏಳೂ ಐದು, ಏಳೂ ಹತ್ತು. ಆ ಬೀದಿಯಲ್ಲಿ ಯಾರ ಬಾಗಿಲನ್ನೂ ಯಾರೂ ಬಡಿಯಲಿಲ್ಲ.

ಟೈಲರಮ್ಮ ಪತ್ರಿಕೆಯ ಆ ಬಾಕ್ಸನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ, ಮಗನ ಹೆಸರು ಅಚ್ಚಾಗಿದ್ದ ಹಳೆಯ ಚೂರಿನ ಪಕ್ಕ ಯಂತ್ರದ ಡ್ರಾಯರಿನಲ್ಲಿಟ್ಟಳು. ಆಮೇಲೆ ಪೇಜಮ್ಮನ ಕೈಯಿಂದ ಅಂಗಿಗಳನ್ನು ಕಿತ್ತುಕೊಂಡಳು.

“ಸಾಕು ಏಳು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸೊನ್ನೆ ಹಾಕ್ಕೊಂಡು ಕೂರಬೇಕಲ್ಲ,” ಎಂದಳು. “ನಾಳೆನೂ ಬಾ. ಆ ಗುಂಡಿ ಹಾಕೋದು ನೆಟ್ಟಗೆ ಕಲಿಯೋವರೆಗೂ ಬಾ.”